ತುತ್ತ ಕೊಟ್ಟವರಿಗೆ, ಚೊಗರು ಕೊಟ್ಟವರಿಗೆ

ಹತ್ತನೇ ತರಗತಿಯ ಮಕ್ಕಳು ಈ ವರ್ಷದ ಪ್ರಯೋಗಗಳನ್ನೆಲ್ಲ ಮುಗಿಸಿದ್ದಾರೆ. ಮೇಷ್ಟ್ರು ಮೇಜಿನ ಮೇಲೆ ಮಾಡುವುದು, ಹಿಂದಿನ ಬೆಂಚಿನವರು ಕತ್ತು ಉದ್ದ ಮಾಡಿ ನೋಡುವುದು ಎಂಬ ಹಳೇ ಕ್ರಮ ಈ ಸಲ ಇರಲಿಲ್ಲ. ಎಲ್ಲರ ಕೈಯಲ್ಲೂ ಪ್ರನಾಳ ಇತ್ತು. ತೀರ್ಥಹಳ್ಳಿ ಕಡೆಯ ಹಳ್ಳಿ ಶಾಲೆಯೊಂದರಲ್ಲಿ ಇಷ್ಟಾದದ್ದು ಊರವರು ಕೊಟ್ಟ ಸಾಮಾನಿನಿಂದ. ಕೊಟ್ಟವರಿಗೆ ಬರೀ ಥ್ಯಾಂಕ್ಸ್ ಹೇಳಿ ಕೈ ತೊಳೆದುಕೊಂಡರೆ ಆಗಲಿಲ್ಲ, ಲೆಕ್ಕ ಒಪ್ಪಿಸಬೇಕು. ಯಾರ ಮನೆಯ ಯಾವ ವಸ್ತು ಏನಾಯಿತು ಎಂಬ ಲೆಕ್ಕ ಇಲ್ಲಿದೆ.

ಮೊದಲ ನಮಸ್ಕಾರ ತೋಟದವರಿಗೆ. ಅಡಿಕೆಯ ಕೊಳೆರೋಗದ ಔಷಧಿಗೆಂದು ತಂದಿಟ್ಟ ಮೈಲುತುತ್ತದಲ್ಲಿ (ಪುಸ್ತಕದ ಹೆಸರು ತಾಮ್ರದ ಸಲ್ಫೇಟ್) ಅರ್ಧ ಕೆಜಿ ಕೊಟ್ಟಿರಿ, ಸುಣ್ಣವನ್ನೂ ಕೊಟ್ಟಿರಿ. ತುತ್ತದ ನೀಲಿ ದ್ರಾವಣದಲ್ಲಿ ಕಬ್ಬಿಣದ ಮೊಳೆ ಇಪ್ಪತ್ತು ನಿಮಿಷ ಮುಳುಗಿಸಿಟ್ಟರೆ ಮೊಳೆಯ ಮೇಲೆ ತಾಮ್ರ ಕೂತು ಕೆಂಗಂದಾಗುತ್ತದೆ, ನೀಲಿ ಮಸುಕಾಗುತ್ತದೆ. ಮೊಳೆಯನ್ನು ಮರಳು ಕಾಗದದಲ್ಲಿ ಉಜ್ಜಿ ಎಂದು ಪುಸ್ತಕ ಹೇಳುತ್ತದೆ. ಯಾಕೆ ಎಂಬುದು ತಿಳಿದದ್ದು ಉಜ್ಜದೆ ಹಾಕಿದ ಪ್ರನಾಳಗಳಲ್ಲಿ: ಅಂಗಡಿಯಿಂದ ತಂದ ಹೊಸ ಮೊಳೆಗೆ ಎಣ್ಣೆ ಜಿಡ್ಡು ಇರುತ್ತದೆ, ತಾಮ್ರ ಅಲ್ಲಲ್ಲಿ ತೇಪೆ ಹಾಕಿದಂತೆ ಕೂರುತ್ತದೆ. ಇನ್ನು ತಗಡಿನ ಮಾಡಿಗೆ ಹೊಡೆಯುವ ಬಿಳಿ ಮೊಳೆ ಹಾಕಿದರೆ ಮೇಲಿನ ಸತುವೇ ಮೊದಲು ಕರಗಿ ಕಪ್ಪು ಕೆಸರು ಬೀಳುತ್ತದೆ.

ಇದೇ ತುತ್ತದಲ್ಲಿ ತೋಟದವರು ಪ್ರತಿ ಮಳೆಗಾಲ ಇನ್ನೊಂದು ಪ್ರಯೋಗ ಮಾಡುತ್ತಾರೆ. 1 ಕೆಜಿ ತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು: ಶೇಕಡಾ 1ರ ಬೋರ್ಡೋ ದ್ರಾವಣ. ಕಳೆದ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಬಳಕೆಗೆ ತಂದ ಮದ್ದು ಇದೇ. ಶಾಲೆಯಲ್ಲಿ 10 ಗ್ರಾಂ ತುತ್ತವನ್ನು ಅರ್ಧ ಲೀಟರಿಗೆ, 10 ಗ್ರಾಂ ಸುಣ್ಣವನ್ನು ಇನ್ನರ್ಧ ಲೀಟರಿಗೆ ಕಲಸಿದೆವು. ಎರಡಕ್ಕೂ ಪ್ಲಾಸ್ಟಿಕ್ ಬಕೆಟ್ಟೇ ಬೇಕು, ಕಬ್ಬಿಣದ್ದಾದರೆ ಬಕೆಟ್ಟೇ ಮೊಳೆಯಾಗುತ್ತದೆ. ಸುಣ್ಣದ ನೀರು ಕಲಕುತ್ತ ಅದಕ್ಕೆ ತುತ್ತದ ನೀರನ್ನು ಸಣ್ಣ ಧಾರೆಯಲ್ಲಿ ಬಿಡಬೇಕು. ಒಂದು ಗುಂಪು ತಿರುಗಾಮುರುಗಾ ಮಾಡಿತು. ಎರಡೂ ಗಾಜಿನ ಲೋಟಗಳನ್ನು ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತಿತ್ತು: ಸರಿಯಾದದ್ದು ಆಕಾಶನೀಲಿಯಾಗಿ ತೇಲುತ್ತ ನಿಂತಿತ್ತು, ಇನ್ನೊಂದು ದಪ್ಪ ಕಣವಾಗಿ ಬೇಗ ತಳ ಹಿಡಿಯಿತು.

ಆಮೇಲೆ ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡರು ಹೇಳಿಕೊಟ್ಟ ಪರೀಕ್ಷೆ. ಉಜ್ಜಿದ ಚಾಕುವಿನ ಅಲಗನ್ನು ಒಂದು ನಿಮಿಷ ಅದ್ದಿ ತೆಗೆಯುವುದು. ಅಲಗು ಕೆಂಪಾದರೆ ಸುಣ್ಣ ಸಾಲದು, ಬಿಡಿ ತಾಮ್ರ ಉಳಿದಿದೆ, ಅದು ಎಲೆ ಸುಡುತ್ತದೆ. ಸುಣ್ಣ ಸಾಕಷ್ಟಿದ್ದರೆ ತಾಮ್ರವೆಲ್ಲ ಕರಗದ ರೂಪಕ್ಕೆ ಹೋಗಿರುತ್ತದೆ, ಅಲಗಿನ ಕಬ್ಬಿಣಕ್ಕೆ ಏನೂ ಸಿಗುವುದಿಲ್ಲ. ಅಳತೆ ಸರಿ ಇದ್ದರೂ ಎರಡು ಗುಂಪಿನವರ ಅಲಗು ಕೆಂಪಾಯಿತು. ತಪ್ಪು ಅವರದ್ದಲ್ಲ. ಅವರಿಗೆ ಸಿಕ್ಕಿದ್ದು ಬಾಯಿ ಬಿಚ್ಚಿಟ್ಟ ಚೀಲದ ಸುಣ್ಣ. ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಅದರಲ್ಲಿ ಒಂದಷ್ಟು ಪಾಲು ಸೀಮೆಸುಣ್ಣದ ಪುಡಿಯಾಗಿತ್ತು. ಅದರ ಮೇಲೆ ನಿಂಬೆರಸ ಹಿಂಡಿದರೆ ನೊರೆ ಬಂತು, ಹೊಸ ಚೀಲದ್ದರಲ್ಲಿ ನೊರೆ ಕಾಣಲಿಲ್ಲ. ಒಂದೊಂದೇ ಗ್ರಾಂ ಸೇರಿಸುತ್ತ, ಅಲಗು ಅದ್ದುತ್ತ ಸರಿಮಾಡಿಕೊಂಡರು. ಉಳಿದ ದ್ರಾವಣವನ್ನು ಚರಂಡಿಗೆ ಚೆಲ್ಲಲಿಲ್ಲ. ತಾಮ್ರ ಮೀನಿಗೆ ವಿಷ, ಇಲ್ಲಿನ ಚರಂಡಿಯೆಲ್ಲ ಕೊನೆಗೆ ತುಂಗೆಗೇ ಸೇರುವುದು. ಶಾಲೆ ಹಿಂದಿನ ತೋಟದವರೇ ಒಯ್ದು ಮರಕ್ಕೆ ಹೊಡೆದರು.

ಚೊಗರು ಕೊಟ್ಟ ಮನೆಯವರಿಗೆ ಎರಡನೇ ನಮಸ್ಕಾರ. ಅಡಿಕೆ ಬೇಯಿಸಿದ ಹಂಡೆಯಿಂದ ಬಾಟಲಿಗೆ ತುಂಬಿಕೊಟ್ಟದ್ದನ್ನು ಬಟ್ಟೆಯಲ್ಲಿ ಸೋಸಿ ತಲಾ 50 ಮಿ.ಲೀ. ಹಂಚಿದೆವು. ಶಿವಮೊಗ್ಗದ ಗಾಂಧಿ ಬಜಾರಿನ ಗ್ರಂಥಿಗೆ ಅಂಗಡಿಯಿಂದ ಬಂದ ಅನ್ನಭೇದಿಯನ್ನು (ಕಬ್ಬಿಣದ ಸಲ್ಫೇಟ್) ಅರ್ಧ ಗ್ರಾಂನಷ್ಟು ನೀರಲ್ಲಿ ಕರಗಿಸಿ ಹನಿಹನಿಯಾಗಿ ಬಿಟ್ಟರೆ ಕೆಂಪು ಚೊಗರು ಹಸಿರು ಛಾಯೆಯ ಕಪ್ಪಿಗೆ ತಿರುಗುತ್ತದೆ. ಚೊಗರಿನ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಶಾಯಿಯಾಗುವ ಬಗೆ ಇದು. ತಾಜಾ ಹಸಿರು ಹರಳಿನದ್ದು ಮೊದಲು ಮಂಕಾಗಿದ್ದು ಗಾಳಿ ತಾಗಿದಂತೆ ಕಪ್ಪೇರಿತು. ಡಬ್ಬಿಯ ತಳದಲ್ಲಿ ಕಂದುಗಟ್ಟಿದ್ದ ಹಳೇ ಅನ್ನಭೇದಿ ಹಾಕಿದವರದ್ದು ಮಾತ್ರ ತಕ್ಷಣ ಕಪ್ಪು, ಏಕೆಂದರೆ ಅದು ಡಬ್ಬಿಯಲ್ಲೇ ಆಮ್ಲಜನಕ ತಿಂದು ಕೂತಿತ್ತು. ನಾಲ್ಕು ಹನಿ ನಿಂಬೆರಸಕ್ಕೆ ಶಾಯಿ ತೆಳುವಾಗುತ್ತದೆ. ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿದು ಕಪ್ಪಾದ ಕೈಗೆ ಮನೆಗಳಲ್ಲಿ ನಿಂಬೆಹಣ್ಣು ಉಜ್ಜುವುದು ಯಾಕೆ ಎಂದು ಬೇರೆ ವಿವರಿಸಬೇಕಾಗಲಿಲ್ಲ. ಶಾಯಿ ತೀರಾ ನೀರಾಗಿದ್ದರೆ ಕಾಗದದಲ್ಲಿ ಹರಡುತ್ತದೆ. ಗೇರುಮರದ ಅಂಟು ಒಂದು ಚಿಟಿಕೆ ಸಾಕು.

ಬಿಸಿಯೂಟದ ಅಡುಗೆಯವರು ಕೊಟ್ಟದ್ದು ಕುದಿನೀರು, ಅದು ಸಣ್ಣ ಉಪಕಾರವೇನಲ್ಲ. ಪಿಷ್ಟದ ಪರೀಕ್ಷೆಗೆ ಮೊದಲು ಎಲೆಯ ಹಸಿರು ತೆಗೆಯಲು ಸ್ಪಿರಿಟ್ ಬಿಸಿಮಾಡಬೇಕು, ಬೆಂಕಿಯ ಮೇಲೆ ನೇರ ಇಟ್ಟರೆ ಅದರ ಆವಿ ಹತ್ತಿಕೊಳ್ಳುತ್ತದೆ. ಸ್ಪಿರಿಟ್ಟು ಸುಮಾರು 78 ಡಿಗ್ರಿಗೇ ಕುದಿಯುವುದರಿಂದ ಪಾತ್ರೆಯ ಬಿಸಿನೀರಲ್ಲಿ ಪ್ರನಾಳ ನಿಲ್ಲಿಸಿದರೆ ಸಾಕು, ಕೋಣೆಯಲ್ಲಿ ಬೆಂಕಿಯೇ ಬೇಡ. ಜುಲೈನಲ್ಲಿ ಕ್ರೋಟನ್ ಎಲೆಗೆ ಅಯೋಡಿನ್ ಹಾಕಿದರೆ ನೀಲಿಗಪ್ಪು ಬರಲೇ ಇಲ್ಲ. ವಾರಗಟ್ಟಲೆ ಬಿಸಿಲಿಲ್ಲದ ಮೇಲೆ ಪಿಷ್ಟ ಎಲ್ಲಿಂದ ಬರಬೇಕು? ಪಾಠದ ವೇಳಾಪಟ್ಟಿ ಬಯಲುಸೀಮೆಯವರು ಮಾಡಿದ್ದಿರಬೇಕು. ಅಕ್ಟೋಬರಿನಲ್ಲಿ ಚೆನ್ನಾಗಿ ಬಂತು. ಬಲೂನು ಉಜ್ಜಿ ಕಾಗದದ ಚೂರು ಎಬ್ಬಿಸುವುದೂ ಹಾಗೇ: ಮಳೆಗಾಲದ ತೇವದಲ್ಲಿ ವಿದ್ಯುದಂಶ ಸೋರಿಹೋಗುತ್ತದೆ, ಜನವರಿಗೆ ಇಟ್ಟುಕೊಳ್ಳುವುದೇ ಸರಿ.

ರಿಪೇರಿ ಅಂಗಡಿಯವರು ಕೊಟ್ಟ ಸತ್ತ ಸೆಲ್ಲುಗಳಿಂದ ಇಂಗಾಲದ ಕಡ್ಡಿ ತೆಗೆದು ನೀರಿನ ವಿದ್ಯುದ್ವಿಭಜನೆ ಮಾಡಿದರು. ಹಳೇ ಸತುವಿನ ಸೆಲ್ಲನ್ನಷ್ಟೇ ಬಿಚ್ಚಬೇಕು, ಆಲ್ಕಲೈನ್ ಸೆಲ್ ಮುಟ್ಟಬಾರದು. ಕಡ್ಡಿಯಲ್ಲಿ ಕ್ಲೋರೈಡ್ ಉಪ್ಪು ಇಂಗಿರುತ್ತದೆ, ಎರಡು ಮೂರು ನೀರಲ್ಲಿ ಕುದಿಸದಿದ್ದರೆ ಆಮ್ಲಜನಕದ ಕಡೆ ಕ್ಲೋರಿನ್ ವಾಸನೆ ಬರುತ್ತದೆ. ಆಮ್ಲದ ಬದಲು ಒಂದು ಚಮಚ ವಾಷಿಂಗ್ ಸೋಡಾ ಹಾಕಿದೆವು. ಆಮ್ಲಜನಕ ಜಲಜನಕದ ಅರ್ಧಕ್ಕಿಂತ ಕಮ್ಮಿಯೇ ಸಿಕ್ಕಿತು, ಕಡ್ಡಿಯ ಇಂಗಾಲ ಒಂದಿಷ್ಟು ನುಂಗುತ್ತದೆ. 2:1 ಎಂದು ಸುಳ್ಳು ಬರೆಯದೆ ಬಂದದ್ದನ್ನೇ ಬರೆದವರಿಗೆ ಪೂರ್ತಿ ಅಂಕ ಕೊಟ್ಟಿದೆ.

ಹೋಟೆಲಿನವರ 2 ಲೀಟರ್ ಬಾಟಲಿಗಳು ಮಳೆಮಾಪಕವಾದವು. 10 ಸೆಂ.ಮೀ. ಬಾಯಿಯ ಆಲಿಕೆಗೆ 1 ಮಿ.ಮೀ. ಮಳೆ ಎಂದರೆ 7.85 ಮಿ.ಲೀ. ನೀರು. ಬಾಟಲಿಯ ತಳ ಉಬ್ಬುತಗ್ಗಿರುವುದರಿಂದ ಸ್ಕೇಲು ಹಿಡಿಯದೆ ಅಳತೆ ಜಾಡಿಗೆ ಸುರಿದೇ ನೋಡಬೇಕು. ತುಂಬಿದ ಬಾಟಲಿ ಸುಮಾರು 255 ಮಿ.ಮೀ. ಆಗುಂಬೆ ಕಡೆ ಇಡುವವರು ಸಂಜೆಗೂ ಒಮ್ಮೆ ಖಾಲಿಮಾಡಿಕೊಳ್ಳಿ. ಮಾಡಿನ ನೀರು, ಮರದ ಹನಿ ಬೀಳದ ಬಯಲಲ್ಲಿಡಿ.

ಸೂಕ್ಷ್ಮದರ್ಶಕದ ಮಸೂರಕ್ಕೆ ಈ ವರ್ಷ ಬೂಷ್ಟು ಬರಲಿಲ್ಲ. ತೇವ ಆರಲೆಂದು ಬೀರುವಿನೊಳಗೆ 15 ವ್ಯಾಟಿನ ಹಳೇ ಬಲ್ಬು ಹಾಕಿಕೊಟ್ಟ ಎಲೆಕ್ಟ್ರಿಷಿಯನ್‌ಗೆ ಅದರ ಶ್ರೇಯ.

ತುತ್ತ ಇನ್ನೂ 200 ಗ್ರಾಂನಷ್ಟು ಉಳಿದಿದೆ, ಗಾಜಿನ ಜಾಡಿಯಲ್ಲಿ ಬಿಗಿಯಾಗಿ ಮುಚ್ಚಿಟ್ಟಿದೆ. ಮೂರು ಬಕೆಟ್, ಒಂದು ಸೋಸುವ ಬಟ್ಟೆ, ಎರಡು ಚಾಕು ಆಫೀಸು ಕೋಣೆಯಲ್ಲಿವೆ. ಚಾಕುವಿನ ಅಲಗಿನ ಕೆಂಪು ಇನ್ನೂ ಪೂರ್ತಿ ಹೋಗಿಲ್ಲ, ಬೇಸರ ಮಾಡಿಕೊಳ್ಳಬೇಡಿ. ಮೊದಲ ಔಷಧಿ ಹೊಡೆಯುವುದರೊಳಗೆ ಬಂದು ಒಯ್ಯಿರಿ.