ಇಳಿಸಿದ ಶ್ರುತಿಗೆ ಜೊತೆಯಾದವರಿಗೆ

ಹನ್ನೊಂದು ತಿಂಗಳ ಮೌನದ ನಂತರ ಕಳೆದ ವಾರ ಮತ್ತೆ ವೇದಿಕೆ ಹತ್ತಿ, ಗಿಟಾರ್ ಒಂದನ್ನೇ ನೆಚ್ಚಿಕೊಂಡು, ಗಡೀಪಾರಾದವನೊಬ್ಬನ ಹಾಡನ್ನು ಹಾಡಿದೆ. ಜನಪದ ಧಾಟಿಯಲ್ಲಿ ಈ ಕಾಲದ ಕವಿಯೊಬ್ಬರು ಕಟ್ಟಿದ ಹಾಡು ಅದು. ಮೂಲದಲ್ಲಿ ಡ್ರಮ್ಸ್, ಪಿಟೀಲು, ಹಿಮ್ಮೇಳ ಎಲ್ಲವೂ ಇವೆ. ಅವನ್ನೆಲ್ಲ ಕಳಚಿ ಹಾಡಲು ಒಪ್ಪಿಗೆ ಕೊಟ್ಟ ಆ ಕವಿಗೆ ನನ್ನ ಮೊದಲ ವಂದನೆ. ನಾನು ಕೇಳಿದ ನೆನಪಿನಿಂದ ‘ಬಿಟ್ಟ ಮನೆ’ ಎಂದು ಹಾಡುತ್ತಿದ್ದೆ. ಅವರು ಬರೆದದ್ದು ‘ಬಿಡಿಸಿದ ಮನೆ’. ತಾನಾಗಿ ಹೊರಟವನ ಹಳಹಳಿಕೆಯನ್ನು, ಹೊರಗಟ್ಟಿಸಿಕೊಂಡವನ ಬಾಯಿಗೆ ತುರುಕುತ್ತಿದ್ದೆನಲ್ಲ ಎಂದು ನಾಚಿಕೆಯಾಯಿತು. ಅವರು ಮಾತ್ರ ನಕ್ಕು, ಪಲ್ಲವಿಯನ್ನು ಒಮ್ಮೆ ತಾವೇ ಹೇಳಿ ತೋರಿಸಿದರು.

ಧ್ವನಿತಂತುಗಳಲ್ಲಿ ಗಂಟು ಕಾಣಿಸಿಕೊಂಡಾಗ, ಪಿಸುಮಾತು ಗಂಟಲಿಗೆ ವಿಶ್ರಾಂತಿಯಲ್ಲ ಎಂದು ತಿಳಿಹೇಳಿ ಅದನ್ನೂ ನಿಲ್ಲಿಸಿದವರು ಧ್ವನಿಚಿಕಿತ್ಸಕಿ. ಅರ್ಧ ಲೋಟ ನೀರಿನಲ್ಲಿ ಸ್ಟ್ರಾ ಅದ್ದಿ, ಗುಳ್ಳೆಗಳ ಸಾಲು ಕಡಿಯದಂತೆ ‘ಊ’ ಎಂದು ಸ್ವರ ಹಿಡಿಯುವ ಅಭ್ಯಾಸವನ್ನು ಮಕ್ಕಳಾಟವೆಂದು ಮೊದಲು ಹಗುರವಾಗಿ ಕಂಡಿದ್ದೆ. ಕಳೆದುಹೋದ ಮಂದ್ರಸ್ಥಾಯಿ ನನಗೆ ಮರಳಿ ಸಿಕ್ಕಿದ್ದು ಆ ಲೋಟದಲ್ಲೇ. ಮೇಲಿನ ಸ್ವರಗಳು ಇನ್ನೂ ಪೂರ್ತಿ ಬಂದಿಲ್ಲ.

ಆದ್ದರಿಂದ ‘ಜಿ’ ಶ್ರುತಿಯ ಹಾಡನ್ನು ಮೂರು ಅರ್ಧಸ್ವರ ಇಳಿಸಿ ‘ಇ’ಗೆ ತರಬೇಕಾಯಿತು. ನಾನು ಇದನ್ನು ಸೋಲೆಂದೇ ಬಗೆದಿದ್ದೆ. ನನ್ನ ಗಿಟಾರ್ ಗುರುಗಳು ಮಾತಾಡದೆ ಆರನೆಯ ತಂತಿಯನ್ನು ‘ಇ’ಯಿಂದ ‘ಡಿ’ಗೆ ಸಡಿಲಿಸಿ, ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿಹಿಡಿದು ಶ್ರುತಿ ಏರಿಸುವ ತಮ್ಮ ಹಳೆಯ ಹಿಡಿಕೆಯನ್ನು, ಅಂದರೆ ಕೇಪೋವನ್ನು, ಗಿಟಾರಿನ ಕತ್ತಿನ ಎರಡನೆಯ ಫ್ರೆಟ್ಟಿಗೆ (ಅಡ್ಡಪಟ್ಟಿಗೆ) ಬಿಗಿದುಕೊಟ್ಟರು. ‘ಡಿ’ಯ ಹಿಡಿತಗಳಲ್ಲೇ ‘ಇ’ ಶ್ರುತಿ ದೊರೆಯಿತು. ಅದಕ್ಕಿಂತ ಹೆಚ್ಚಾಗಿ, ಹೆಬ್ಬೆರಳು ಮೀಟುವ ಆ ದಪ್ಪ ತಂತಿ ತಂಬೂರಿಯಂತೆ ತಳದಲ್ಲಿ ನಿಂತಿತು. ಮೇಲೆ ಕಾರ್ಡ್‌ಗಳು (ಸ್ವರಗುಚ್ಛಗಳು) ಎಲ್ಲಿಗೆ ಅಲೆದರೂ ಕೆಳಗಿನ ಷಡ್ಜ ಅಲುಗಲಿಲ್ಲ. ಮನೆ ಅಲ್ಲೇ ಇದೆ, ಹೋಗುವ ಹಾಗಿಲ್ಲ ಎಂಬುದನ್ನು ಪದಗಳಿಗಿಂತ ಮೊದಲೇ ಆ ತಂತಿ ಹೇಳುತ್ತಿತ್ತು. ಮೂಲದ ಡ್ರಮ್ಸ್ ಇದನ್ನು ಮುಚ್ಚಿಬಿಟ್ಟಿತ್ತೆಂದು ನನಗನ್ನಿಸುತ್ತದೆ, ಕವಿಗಳು ಕ್ಷಮಿಸಬೇಕು.

ಸಡಿಲಿಸಿದ ತಂತಿ ಮೈಕ್‌ನಲ್ಲಿ ಗುಂಯ್‌ಗುಟ್ಟುವುದೆಂದು ಮೊದಲೇ ಊಹಿಸಿ, ಮೈಕನ್ನು ಗಿಟಾರಿನ ಬಾಯಿಯೆದುರಿನಿಂದ ಸರಿಸಿ, ಹನ್ನೆರಡನೆಯ ಫ್ರೆಟ್ಟಿನತ್ತ ಒಂದು ಗೇಣು ದೂರದಲ್ಲಿ ನಿಲ್ಲಿಸಿದ ಧ್ವನಿ ಸಂಯೋಜಕರಿಗೂ ಧನ್ಯವಾದಗಳು.

ಕೇಳಲು ಬಂದವರಿಗೆ ಒಂದು ವಿಷಯ ಹೇಳಲೇಬೇಕು. ಕೊನೆಯ ಚರಣಕ್ಕೆ ಮುಂಚೆ ನಾನು ನಿಂತದ್ದನ್ನು ಹಲವರು ಭಾವದ ವಿರಾಮವೆಂದು ಮೆಚ್ಚಿದ್ದೀರಿ. ವಾಸ್ತವದಲ್ಲಿ ನನಗೆ ಉಸಿರು ಸಾಲದಾಗಿತ್ತು. ಯಾರೂ ಕೆಮ್ಮದೆ, ಅವಸರದ ಚಪ್ಪಾಳೆ ತಟ್ಟದೆ ಕಾದಿರಿ. ಆ ಕೆಲವು ಕ್ಷಣಗಳಿಗೆ ನಾನು ಋಣಿ.

ಗುರುಗಳೇ, ನಿಮ್ಮ ಕೇಪೋ ಇನ್ನೂ ನನ್ನ ಗಿಟಾರಿನ ಮೇಲೆಯೇ ಇದೆ. ಮುಂದಿನ ಪಾಠಕ್ಕೆ ತರುತ್ತೇನೆ.