ಹಳೆಯ ಸೇತುವೆಯ ದಾರಿಯವರಿಗೆ

ಅಕ್ಕ ಕೊಟ್ಟ ಮೂತ್ರಪಿಂಡ ನನ್ನ ದೇಹದಲ್ಲಿ ಕೆಲಸ ಆರಂಭಿಸಿ ನಿನ್ನೆಗೆ ಒಂದು ವರ್ಷವಾಯಿತು. ಎದುರು ನಿಂತು ಕೃತಜ್ಞತೆ ಹೇಳಲು ಹೋದರೆ ಆಕೆ, "ಸುಮ್ಮನಿರೋ ಮಾರಾಯ, ಗುಳಿಗೆ ನುಂಗಿದೆಯಾ?" ಎಂದು ಮಾತು ಮುಗಿಸುತ್ತಾಳೆ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಅದಕ್ಕೆ ಮೊದಲು ಎರಡು ವರ್ಷಕ್ಕೂ ಹೆಚ್ಚು ಕಾಲ, ಪ್ರತಿ ಸೋಮವಾರ, ಬುಧವಾರ ಮತ್ತು ಶುಕ್ರವಾರ ನಾನು ಸದಾಶಿವಗಡದಿಂದ ಕಾಳಿ ನದಿ ದಾಟಿ ಕಾರವಾರಕ್ಕೆ ಡಯಾಲಿಸಿಸ್‌ಗೆ ಹೋಗುತ್ತಿದ್ದೆ. ಹೋಗುವಾಗ ಹಳೆಯ ಸೇತುವೆ. 4 ಗಂಟೆ ಯಂತ್ರಕ್ಕೆ ತೋಳೊಡ್ಡಿ ಮಲಗಿ ಮರಳುವಾಗ ಹೊಸದು. ಹೆದ್ದಾರಿ ಚತುಷ್ಪಥವಾದ ಮೇಲಿನ ಏರ್ಪಾಡೇ ಹಾಗಿತ್ತು. ಹೀಗಾಗಿ ಮನೆಗೆ ಮರಳುವ ನೆಮ್ಮದಿಯೆಲ್ಲ ಹೊಸ ಸೇತುವೆಯ ಪಾಲಾಗಿ, ಸೂಜಿಯ ಭಯವೂ ದಾಹವೂ ಹಳೆಯದರ ಪಾಲಿಗೆ ಉಳಿದಿದ್ದವು. ದಿನದ ನೀರನ್ನು ಲೋಟದಲ್ಲಿ ಅಳೆದು ಕುಡಿಯುತ್ತಿದ್ದ, ಪೊಟ್ಯಾಸಿಯಂ ಏರೀತೆಂದು ಎಳನೀರನ್ನೂ ಬಿಟ್ಟಿದ್ದ ನನಗೆ, ಕೆಳಗೆ ಕಡಲು ಸೇರುತ್ತಿದ್ದ ಅಷ್ಟಗಲದ ಕಾಳಿಯನ್ನು ನೋಡುವುದೇ ಒಂದು ಶಿಕ್ಷೆಯಾಗಿತ್ತು. ಆದರೂ ನೋಡದೆ ಇರಲಾಗುತ್ತಿರಲಿಲ್ಲ. ಅದನ್ನು ಅರಿತ ಆಟೋ ಚಾಲಕರು ಅಲ್ಲಿ ತುಸು ನಿಧಾನಿಸುತ್ತಿದ್ದರು. ಮಳೆಗಾಲದ ಬಾಡಿಗೆಯನ್ನು ದೀಪಾವಳಿಯವರೆಗೂ ಕೇಳದ ಅವರಿಗೆ ನಾನು ಋಣಿ.

2024ರ ಆಗಸ್ಟ್ 7ರ ನಸುಕಿಗೂ ಮೊದಲೇ ಆ ಸೇತುವೆ ಕುಸಿಯಿತು. ನದಿಗೆ ಬಿದ್ದ ಲಾರಿಯ ಚಾಲಕನನ್ನು ಮೀನುಗಾರರು ಮತ್ತು ಪೊಲೀಸರು ಬದುಕಿಸಿದರು. ಅಂದು ಬುಧವಾರ, ನನ್ನ ಸರದಿಯ ದಿನ. ತುಂಡಾಗಿ ನೀರಿಗಿಳಿದಿದ್ದ ಸೇತುವೆಯನ್ನು ಕಂಡಾಗ, ಸ್ವಂತ ಕಾಯಿಲೆಗೂ ಅಳದವನಿಗೆ ಅಳು ಬಂದಿತು. ನನ್ನನ್ನು ನೋವಿನ ಕಡೆಗಷ್ಟೇ ಒಯ್ದಿದ್ದ ದಾರಿಯದು. ಅದರ ಮೇಲೆ ಇಷ್ಟೊಂದು ಮಮತೆ ಬೆಳೆದಿದ್ದುದು ನನಗೇ ತಿಳಿದಿರಲಿಲ್ಲ. ಹೊಸ ಸೇತುವೆಯ ಮೇಲೆ ಇಂದಿಗೂ ಅಂಥದ್ದೇನೂ ಅನಿಸುವುದಿಲ್ಲ. (ಅದು ಅನ್ಯಾಯವೇ ಸರಿ.)

ತೋಳಿನಲ್ಲಿ ರಕ್ತನಾಳ ಸಿಗದ ದಿನ ನನಗಿಂತ ಹೆಚ್ಚು ನೊಂದ ದಾದಿಯರಿಗೆ, ತಮ್ಮ ಸುಸ್ತಿನಲ್ಲೂ ಮೀನಿನ ದರದ ಸುದ್ದಿ ಹೇಳಿ ನಗಿಸುತ್ತಿದ್ದ ಪಕ್ಕದ ಹಾಸಿಗೆಯ ಅಜ್ಜನಿಗೆ ನನ್ನ ನಮಸ್ಕಾರಗಳು. ಅಜ್ಜ ಈಗಿಲ್ಲ.

ನಿನ್ನೆ ರಕ್ತಪರೀಕ್ಷೆಗೆಂದು ಹೋದವನು, ಕೆಲಸವಿಲ್ಲದಿದ್ದರೂ ಮಾಸ್ಕ್ ಹಾಕಿಕೊಂಡು ಆ ವಾರ್ಡಿನ ಬಾಗಿಲವರೆಗೆ ಹೋದೆ. ಕಿಟಕಿಯ ಬಳಿಯ ನನ್ನ ಹಾಸಿಗೆಯಲ್ಲಿ ಕಾಲೇಜು ವಯಸ್ಸಿನ ಹುಡುಗನೊಬ್ಬ ಮಲಗಿದ್ದ. ಸಿಸ್ಟರ್ ಹೊರಗೊಂದು ಕುರ್ಚಿ ತಂದಿಟ್ಟರು. ಯಂತ್ರಗಳ ಸದ್ದು ಕೇಳುತ್ತಾ ಹತ್ತು ನಿಮಿಷ ಕುಳಿತಿದ್ದೆ.