ನಿಮ್ಮ ಗಣಿತ ಎಲ್ಲಿಗೆ ನಿಂತಿತು ಅಂತ ನಮ್ಮನ್ನೂ ಕೇಳಿ

ಸಂಪಾದಕರಿಗೆ ನಮಸ್ಕಾರ.

ಎಸ್ಸೆಸ್ಸೆಲ್ಸಿ, ಪಿಯುಸಿ ರಿಸಲ್ಟ್ ಬಂದ ಮಾರನೇ ದಿನ ನಿಮ್ಮ ಪೇಪರ್ ತೆಗೆದ್ರೆ ದಾವಣಗೆರೆ ಪುಟದಲ್ಲಿ ಗಣಿತಕ್ಕೆ ನೂರಕ್ಕೆ ನೂರು ತಗೊಂಡ ಮಕ್ಕಳ ಫೋಟೋ ಸಾಲಾಗಿ ಇರುತ್ತೆ, ಅಪ್ಪ ಅಮ್ಮ ಬಾಯಿಗೆ ಸ್ವೀಟ್ ಇಡ್ತಿರೋ ಫೋಟೋನೂ ಇರುತ್ತೆ. ನೋಡಿ ನನಗೂ ಖುಷಿ ಆಗುತ್ತೆ, ಆ ಮಕ್ಕಳು ನಿದ್ದೆಗೆಟ್ಟು ಓದಿರ್ತಾರೆ. ಆದ್ರೆ ಅದು ಬಿಟ್ರೆ ಗಣಿತದ ಬಗ್ಗೆ ಬರೋದು ಡಿಸೆಂಬರ್ 22ಕ್ಕೆ, ರಾಮಾನುಜನ್ ಹುಟ್ಟಿದ ದಿನ ಅಂತ. ಒಂದು ಕಡೆ ಸೆಂಟಮ್ ಮಕ್ಕಳು, ಇನ್ನೊಂದು ಕಡೆ ದೈವದತ್ತ ಪ್ರತಿಭೆ. ಮಧ್ಯದಲ್ಲಿ ಐದನೇ ಕ್ಲಾಸಿಗೋ, ಹತ್ತನೇ ಕ್ಲಾಸಿಗೋ, ಡಿಗ್ರಿಗೋ ಎಲ್ಲೋ ಒಂದು ಕಡೆ ಗಣಿತ ನಿಲ್ಲಿಸಿದ ನಮ್ಮಂಥೋರು ಊರ ತುಂಬಾ ಇದೀವಿ, ನಮ್ಮ ಮಾತು ಮಾತ್ರ ಎಲ್ಲೂ ಬರಲ್ಲ. ಅದಕ್ಕೇ ಈ ಪತ್ರ ಬರೀತಿದೀನಿ, ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನಾನು ಇಲ್ಲಿ ಎಪಿಎಂಸಿಯಲ್ಲಿ ಒಂದು ಮೆಕ್ಕೆಜೋಳದ ಮಂಡಿಯಲ್ಲಿ ಲೆಕ್ಕ ಬರೀತೀನಿ. ಓದಿರೋದು ಬಿಎಸ್ಸಿ, ಪಿಸಿಎಂ, ಅಂದ್ರೆ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ. ಸೀಸನ್ ಇಲ್ಲದ ಟೈಮಲ್ಲಿ ಮಧ್ಯಾಹ್ನದ ಮೇಲೆ ಕೆಲಸ ಕಮ್ಮಿ, ಆಗ ಅಂಗಡಿಗೆ ಬಂದವರ ಹತ್ರ ಮಾತಿಗೆ ಕೂತಾಗ ನೀವು ಎಷ್ಟನೇ ಕ್ಲಾಸ್ ತನಕ ಲೆಕ್ಕ ಓದಿದ್ರಿ, ಎಲ್ಲಿ ಬಿಟ್ರಿ ಅಂತ ಕೇಳೋದು ನನಗೊಂದು ರೂಢಿ ಆಗ್ಬಿಟ್ಟಿದೆ. ಹಮಾಲರು, ರೈತರು, ಲಾರಿ ಡ್ರೈವರ್, ಬ್ಯಾಂಕಿನೋರು, ಯಾರೇ ಆಗ್ಲಿ ಮೊದಲು ಹೇಳೋದು ಒಂದೇ ಮಾತು, ಅಯ್ಯೋ ಮೇಡಂ ಲೆಕ್ಕ ನಮ್ಮ ತಲೆಗೆ ಹತ್ತಲಿಲ್ಲ ಬಿಡ್ರಿ ಅಂತ. ಆದ್ರೆ ಅಲ್ಲಿಗೇ ಬಿಡದೆ ಇನ್ನೂ ಸ್ವಲ್ಪ ಕೇಳಿದ್ರೆ ತಲೆ ವಿಷಯ ಅಲ್ಲವೇ ಅಲ್ಲ ಅಂತ ಗೊತ್ತಾಗುತ್ತೆ, ಯಾಕಂದ್ರೆ ಪ್ರತಿಯೊಬ್ಬರಿಗೂ ಇಂಥ ಕ್ಲಾಸು, ಇಂಥ ಪಾಠ ಅಂತ ಜಾಗ ನೆನಪಿರುತ್ತೆ, ಇಪ್ಪತ್ತು ಮೂವತ್ತು ವರ್ಷ ಆದ್ಮೇಲೂ. ಭಿನ್ನರಾಶಿ ಶುರು ಆದಾಗ ನನಗೆ ಜಾಂಡೀಸ್ ಆಗಿ ಶಾಲೆ ತಪ್ಪಿತ್ತು ಅಂತಾರೆ ಒಬ್ರು. ಎಂಟನೇ ಕ್ಲಾಸಲ್ಲಿ ಲೆಕ್ಕದ ಮೇಷ್ಟ್ರು ಟ್ರಾನ್ಸ್‌ಫರ್ ಆಗಿ ಆ ವರ್ಷ ಪೂರ್ತಿ ಯಾರೂ ಬರಲೇ ಇಲ್ಲ, ಬೀಜಗಣಿತ ಅಂದ್ರೆ ಏನು ಅಂತ ಇವತ್ತಿಗೂ ಗೊತ್ತಿಲ್ಲ ಅಂತಾರೆ ಇನ್ನೊಬ್ರು. ಕೇಳ್ತಾ ಕೇಳ್ತಾ ನನಗೆ ಅನ್ಸಿದ್ದು, ಇವರ್ಯಾರೂ ದಡ್ಡರಲ್ಲ, ಒಂದು ಮೆಟ್ಟಿಲು ತಪ್ಪಿದಾಗ ಕೈ ಹಿಡಿಯೋರು ಇರಲಿಲ್ಲ ಅಷ್ಟೇ.

ಭಿನ್ನರಾಶಿ ಅಂದೆನಲ್ಲ, ಅದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು. ನಮ್ಮ ಪಕ್ಕದ ಮನೆ ಹುಡುಗಿ ಆರನೇ ಕ್ಲಾಸು. ಹೋಂವರ್ಕಲ್ಲಿ ಅರ್ಧಕ್ಕೆ ಕಾಲು ಕೂಡಿಸಿ ಅಂತ ಇತ್ತು, ಅವಳು ಮೇಲಿನದು ಮೇಲಿನದಕ್ಕೆ ಕೆಳಗಿನದು ಕೆಳಗಿನದಕ್ಕೆ ಕೂಡಿಸಿ 2/6 ಅಂತ ಬರೆದಿದ್ಲು. ಅವರಜ್ಜ ಜಗಳೂರು ಕಡೆಯೋರು, ಶಾಲೆ ಮುಖ ನೋಡಿದ್ದು ಮೂರನೇ ಕ್ಲಾಸ್ ತನಕ, ಆದ್ರೆ ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿ ಈಗ್ಲೂ ಬಾಯಲ್ಲೇ ಇದೆ. ಅಜ್ಜ ಪುಸ್ತಕ ನೋಡಿ ಬೈಲಿಲ್ಲ, ಅರ್ಧ ಎಕ್ರೆ ಅಂದ್ರೆ ಎಷ್ಟು ಗುಂಟೆ ಹೇಳವ್ವ ಅಂದ್ರು. ಇಪ್ಪತ್ತು ಅಂದ್ಲು. ಕಾಲು ಎಕ್ರೆ? ಹತ್ತು. ಎರಡೂ ಸೇರಿದ್ರೆ ಮೂವತ್ತು ಗುಂಟೆ ಆತಲ್ಲ, ನೀನು ಬರೆದಿರೋದು ಎಷ್ಟು ಗುಂಟೆ ಆಗುತ್ತೆ ನೋಡು ಅಂದ್ರು. ಅವಳು ಬೆರಳು ಮಡಚಿ ಲೆಕ್ಕ ಹಾಕಿದ್ಲು, ಎಕ್ರೆಗೆ ನಲವತ್ತು ಗುಂಟೆ, ಆರು ಪಾಲು ಮಾಡಿ ಎರಡು ಪಾಲು ತಗೊಂಡ್ರೆ ಹದಿಮೂರು ಚಿಲ್ಲರೆ. ಅರ್ಧ ಎಕ್ರೆಗೆ ಇನ್ನೂ ಕಾಲು ಎಕ್ರೆ ಸೇರಿಸಿದ ಮೇಲೆ ಅರ್ಧ ಎಕ್ರೆಗಿಂತ ಕಮ್ಮಿ ಹೆಂಗಾಗುತ್ತೆ ಅಜ್ಜ ಅಂತ ಅವಳೇ ಕೇಳಿದ್ಲು. ಆ ಪ್ರಶ್ನೆ ಇದೆಯಲ್ಲ ಅದೇ ಗಣಿತ ಅಂತ ನಾನು ಹೇಳೋದು. ಸ್ಕೂಲಲ್ಲಿ ಅವಳಿಗೆ ಹೇಳಿಕೊಟ್ಟಿದ್ದು ಛೇದ, ಅಂದ್ರೆ ಕೆಳಗಿನ ಸಂಖ್ಯೆ, ಬೇರೆ ಇದ್ರೆ ಲಸಾಅ (ಲಘುತಮ ಸಾಮಾನ್ಯ ಅಪವರ್ತ್ಯ) ತಗೋ ಅನ್ನೋ ರೂಲ್ ಮಾತ್ರ, ಯಾಕೆ ತಗೋಬೇಕು ಅಂತ ಅಲ್ಲ. ನಮ್ಮ ಕನ್ನಡ ನಾಡಲ್ಲೇ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅಂದ್ರೆ ಒಂಬತ್ತನೇ ಶತಮಾನದಲ್ಲಿ, ಮಹಾವೀರಾಚಾರ್ಯರು ಭಿನ್ನರಾಶಿ ಕೂಡಿಸೋಕೆ ಈ ಲಸಾಅ ವಿಧಾನವನ್ನ ಬರೆದಿಟ್ಟಿದಾರೆ. ಇಷ್ಟು ಹಳೇ ವಿದ್ಯೆ, ನಮ್ಮದೇ ವಿದ್ಯೆ, ಇವತ್ತು ಆರನೇ ಕ್ಲಾಸಿನ ಎಷ್ಟೋ ಮಕ್ಕಳು ಲೆಕ್ಕದಿಂದ ದೂರ ಆಗೋದು ಇದೇ ಪಾಠದಲ್ಲಿ ಅಂದ್ರೆ ನನಗೆ ಸಂಕಟ ಆಗುತ್ತೆ.

ಹಂಗೇ ನಮ್ಮ ಬೀದಿಯಲ್ಲಿ ಮನೆ ಕಟ್ಟೋಕೆ ಬಂದಿದ್ದ ಗಾರೆ ಮೇಸ್ತ್ರಿ, ಚಿತ್ರದುರ್ಗ ಹತ್ರ ಭರಮಸಾಗರದ ಕಡೆಯೋರು. ಏಳನೇ ಕ್ಲಾಸಿಗೆ ಬಿಟ್ಟಿದ್ದು. 30-40 ಸೈಟಿಗೆ ದಾರ ಕಟ್ಟಿ ಮೂಲೆಯಿಂದ ಮೂಲೆಗೆ ಟೇಪ್ ಹಿಡಿದು 50 ಅಡಿ ಬಂದ್ರೆ ಮೂಲೆ ಸರಿ ಇದೆ ಅಂತ ಅವರಿಗೆ ಗೊತ್ತು, ಸಣ್ಣ ರೂಮಿಗೆ 3-4-5 ಹಾಕ್ತಾರೆ, ಮೂಲೆಮಟ್ಟಕ್ಕಿಂತ ಇದನ್ನೇ ಜಾಸ್ತಿ ನಂಬ್ತಾರೆ. 30-50 ಸೈಟ್ ಆದ್ರೆ ಎಷ್ಟು ಬರ್ಬೇಕು ಅಣ್ಣ ಅಂತ ಕೇಳಿದೆ. ಅದು ಗೊತ್ತಿಲ್ಲಮ್ಮ, ಇಂಜಿನಿಯರ್ ಹೇಳಿದ್ರೆ ಹಾಕ್ತೀವಿ ಅಂದ್ರು. ಮೂವತ್ತು ಮೂವತ್ಲೆ ಒಂಬೈನೂರು, ಐವತ್ತು ಐವತ್ಲೆ ಎರಡೂವರೆ ಸಾವಿರ, ಎರಡೂ ಕೂಡಿಸಿ ವರ್ಗಮೂಲ ತೆಗೆದ್ರೆ 58 ಅಡಿ ಮೂರುಮುಕ್ಕಾಲು ಇಂಚು ಅಂತ ಸಿಮೆಂಟ್ ಚೀಲದ ಮೇಲೆ ಬರೆದು ತೋರಿಸಿದೆ. ಅವರು ಅದನ್ನೇ ನೋಡ್ತಾ ನಿಂತಿದ್ದು, ಆಮೇಲೆ 20-30ಕ್ಕೆ ನಾನೇ ಮಾಡಿ ನೋಡ್ತೀನಿ ಅಂತ ಮೊಬೈಲ್ ಕ್ಯಾಲ್ಕುಲೇಟರ್ ತೆಗೆದು ವರ್ಗಮೂಲದ ಬಟನ್ ಯಾವುದು ಅಂತ ಕೇಳಿದ್ರು. ಏಳನೇ ಕ್ಲಾಸಿಗೆ ಬಿಟ್ಟವರಿಗೆ ಪೈಥಾಗೊರಸ್ ಪ್ರಮೇಯದ ಹೊಸ್ತಿಲು ಇನ್ನು ಎಷ್ಟು ದೂರ ಇತ್ತು ಹೇಳಿ?

ಇನ್ನು ಹತ್ತನೇ ಕ್ಲಾಸಿನ ಕಥೆ ಎಲ್ಲರಿಗೂ ಗೊತ್ತಿರೋದೇ. ಜನವರಿ ಬಂತು ಅಂದ್ರೆ ಹಿಂದುಳಿದ ಮಕ್ಕಳಿಗೆ ಪಾಸಿಂಗ್ ಪ್ಯಾಕೇಜ್. ವೃತ್ತಕ್ಕೆ ಸ್ಪರ್ಶಕ (ಒಂದೇ ಬಿಂದುವಿನಲ್ಲಿ ತಾಗೋ ಗೆರೆ) ಎಳೆಯೋದು, ಒಂದು ಗ್ರಾಫು, ಥೇಲ್ಸ್ ಪ್ರಮೇಯ ಬಾಯಿಪಾಠ, ಇಷ್ಟು ಮಾಡಿದ್ರೆ ಪಾಸು. ಮಾಡೋ ಮೇಷ್ಟ್ರನ್ನ ನಾನು ಬೈಯಲ್ಲ, ಮೇಲಿಂದ ರಿಸಲ್ಟ್ ಪ್ರೆಷರ್ ಇರುತ್ತೆ, ಮಗುಗೂ ಪಾಸಾಗದಿದ್ರೆ ಮುಂದಿನ ದಾರಿ ಕಷ್ಟ. ಆದ್ರೆ ಆ ಮೂರು ತಿಂಗಳಲ್ಲಿ ಮಗು ಕಲಿಯೋದು ಏನಂದ್ರೆ ಗಣಿತ ಅಂದ್ರೆ ಅರ್ಥ ಆಗೋ ವಸ್ತು ಅಲ್ಲ, ಹೆಂಗೋ ದಾಟಿ ಹೋಗೋ ವಸ್ತು ಅಂತ. ಆಮೇಲೆ ಅದೇ ಮಗು ಆರ್ಟ್ಸ್ ತಗೊಳ್ಳುತ್ತೆ, ಜೀವನಪೂರ್ತಿ ಲೆಕ್ಕ ನನ್ನ ತಲೆಗೆ ಹತ್ತಲ್ಲ ಅನ್ನುತ್ತೆ, ತನ್ನ ಮಕ್ಕಳ ಮುಂದೇನೂ ಅದನ್ನೇ ಹೇಳುತ್ತೆ. ಕನ್ನಡ ಮೀಡಿಯಂನಲ್ಲಿ ಚೆನ್ನಾಗೇ ಮಾಡ್ತಿದ್ದ ಮಕ್ಕಳು ಪಿಯುಸಿ ಸೈನ್ಸಿಗೆ ಬಂದು ಮೊದಲ ಟೆಸ್ಟಲ್ಲೇ ಕುಸಿಯೋದನ್ನೂ ನೋಡಿದೀನಿ, ನಾನೂ ಹಂಗೇ ಬಂದವಳು, ಪಕ್ಕದಲ್ಲಿ ಕೂರ್ತಿದ್ದ ಗೆಳತಿ ಇಂಗ್ಲಿಷ್ ಮೀಡಿಯಂನಿಂದ ಬಂದಿದ್ಲು, ಅವಳು ಪಾಠ ಹೇಳಿಕೊಟ್ಟಿದ್ದಕ್ಕೆ ಉಳ್ಕೊಂಡೆ.

ನಮ್ಮ ಚಿಕ್ಕಪ್ಪನ ಮಗ ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ, ಅಂದ್ರೆ ನೇರ ಎರಡನೇ ವರ್ಷಕ್ಕೆ, ಬಿಇ ಸೇರಿದ. ಡಿಪ್ಲೊಮಾದಿಂದ ಬಂದವರಿಗೆ ಎಂ3, ಎಂ4 ಅನ್ನೋ ಗಣಿತದ ಪೇಪರ್‌ಗಳ ಜೊತೆಗೆ ಮ್ಯಾಟ್‌ಡಿಪ್ ಅಂತ ಬೇರೆ ಪೇಪರ್ ಇತ್ತು, ಬಿಟ್ಟುಹೋದ ಗಣಿತ ತುಂಬಿಸೋಕೆ ಅಂತ. ಸೈಟಲ್ಲಿ ಬಿಲ್ಡಿಂಗ್ ಕೆಲಸ ಅವನಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ, ಆದ್ರೆ ಫೋರಿಯರ್ ಸೀರೀಸ್ ಅನ್ನೋ ಗಣಿತದ ಪಾಠ ಎದುರಾದಾಗ ಕೈ ನಡುಗ್ತಿತ್ತು. ಬ್ಯಾಕ್ ಉಳಿದು ಉಳಿದು ಕೊನೆಗೆ ಪಾಸ್ ಮಾಡ್ಕೊಂಡ, ಈಗ ಒಳ್ಳೇ ಕೆಲಸದಲ್ಲಿದಾನೆ. ಅವನನ್ನ ಕೇಳಿದ್ರೆ, ಅಕ್ಕಾ ಗಣಿತದಲ್ಲಿ ನಾನು ಎಷ್ಟು ದೂರ ಬಂದೆ ಅಂತ ನನಗೇ ಗೊತ್ತಿಲ್ಲ, ಪಾಸ್ ಆದೆ ಅಷ್ಟೇ ಗೊತ್ತು ಅಂತಾನೆ.

ನನ್ನದು ನಿಂತಿದ್ದು ರಿಯಲ್ ಅನಾಲಿಸಿಸ್‌ನಲ್ಲಿ, ಅಂದ್ರೆ ಕ್ಯಾಲ್ಕುಲಸ್‌ನ ಫಾರ್ಮುಲಾಗಳು ಯಾಕೆ ಸರಿ ಅಂತ ಸಾಧಿಸೋ ಗಣಿತದಲ್ಲಿ. ಪಿಯುಸಿ ತನಕ ಡೆರಿವೇಟಿವ್ ಅಂದ್ರೆ ಫಾರ್ಮುಲಾ, ಎಕ್ಸ್ ಸ್ಕ್ವೇರ್ ಇದ್ರೆ ಟೂ ಎಕ್ಸ್, ಮುಗೀತು. ಬಿಎಸ್ಸಿಗೆ ಬಂದ್ಮೇಲೆ ನಮ್ಮ ಮೇಡಂ ಎಪ್ಸಿಲಾನ್ ಡೆಲ್ಟಾ ಬೋರ್ಡ್ ಮೇಲೆ ಬರೆದು ಲಿಮಿಟ್ ಅಂದ್ರೆ ನಿಜವಾಗ್ಲೂ ಏನು ಅಂತ ಕೇಳಿದಾಗ ಇಡೀ ಕ್ಲಾಸ್ ಸುಮ್ನೆ ಕೂತಿತ್ತು. ಎಷ್ಟೋ ಜನ ಅಲ್ಲಿಗೆ ಕೈ ಬಿಟ್ರು, ಗೈಡ್ ನೋಡಿ ಪ್ರೂಫ್ ಉರು ಹೊಡೆದ್ರು. ನನಗೆ ಮಾತ್ರ ಅಲ್ಲಿಂದಲೇ ಹುಚ್ಚು ಹಿಡಿದಿದ್ದು. ಒಂದಿನ ಮೇಡಂ ಹೇಳಿದ್ರು, ಎಲ್ಲೂ ತುಂಡಾಗದೆ ಹರಿಯೋ ಆದ್ರೆ ಒಂದು ಬಿಂದುವಿನಲ್ಲೂ ಸ್ಪರ್ಶಕ ಎಳೆಯೋಕೆ ಬಾರದ ರೇಖೆ ಇದೆ, 1872ರಲ್ಲಿ ವೈಯರ್‌ಸ್ಟ್ರಾಸ್ ಅನ್ನೋ ಜರ್ಮನ್ ಗಣಿತಜ್ಞರು ಅದನ್ನ ಜಗತ್ತಿನ ಮುಂದಿಟ್ರು ಅಂತ. ಎಷ್ಟು ಹತ್ತಿರದಿಂದ ನೋಡಿದ್ರೂ ಅದು ನೆಟ್ಟಗಾಗಲ್ಲ, ಮತ್ತೆ ಮತ್ತೆ ಗರಗಸದ ಹಲ್ಲು ಥರಾನೇ ಕಾಣುತ್ತೆ. ಅದರ ಪ್ರೂಫ್ ಪೂರ್ತಿ ನೋಡ್ಬೇಕು ಅಂತ ಎಂಎಸ್ಸಿ ಸೇರೋ ಆಸೆ ಇಟ್ಕೊಂಡಿದ್ದೆ. ಅಷ್ಟೊತ್ತಿಗೆ ನಮ್ಮೂರಲ್ಲಿ ಬಟ್ಟೆ ಮಿಲ್ಲುಗಳು ಒಂದೊಂದಾಗಿ ಮುಚ್ಚಿದ ಕಾಲ, ಅಪ್ಪಾಜಿ ಕೆಲಸ ಹೋಗಿತ್ತು, ತಮ್ಮ ಇನ್ನೂ ಹೈಸ್ಕೂಲು. ಡಿಗ್ರಿ ಮುಗಿದ ಬೇಸಿಗೆಯಲ್ಲೇ ಮಂಡಿಗೆ ಸೇರಿದೆ. ಆ ಕಾಲದ ದಾವಣಗೆರೆಯಲ್ಲಿ ನನ್ನಂಗೆ ಓದು ನಿಲ್ಲಿಸಿದ ಮಿಲ್ ಕಾರ್ಮಿಕರ ಮಕ್ಕಳು ಎಷ್ಟು ಜನ ಇದಾರೋ, ಅವರ ಲೆಕ್ಕ ಯಾರೂ ಇಟ್ಟಿಲ್ಲ.

ಈಗ ಮೊಬೈಲ್ ಇದೆ, ಐಐಟಿ ಮತ್ತು ಐಐಎಸ್‌ಸಿಯೋರು ಸೇರಿ ನಡೆಸೋ ಎನ್‌ಪಿಟಿಇಎಲ್ ಪಾಠ ಫ್ರೀಯಾಗಿ ಸಿಗುತ್ತೆ, ರಾತ್ರಿ ಅಡುಗೆ ಮನೆ ಕೆಲಸ ಮುಗಿದ್ಮೇಲೆ ಕೂತು ನೋಡ್ತೀನಿ. ಯೂನಿಫಾರ್ಮ್ ಕನ್ವರ್ಜೆನ್ಸ್ ಅನ್ನೋ ಪಾಠ ದಾಟಿದೆ, ಅದರಲ್ಲಿ ಬರೋ ಎಂ-ಟೆಸ್ಟ್ ಅನ್ನೋ ಪರೀಕ್ಷೆ ಹಾಕಿದ್ರೆ ಆ ರೇಖೆ ತುಂಡಾಗಲ್ಲ ಅನ್ನೋದು ನಾಲ್ಕೇ ಸಾಲಲ್ಲಿ ಬರುತ್ತೆ ಅಂತ ಗೊತ್ತಾದಾಗ ಎಷ್ಟು ಖುಷಿ ಆಯ್ತು ಅಂದ್ರೆ ಯಾರಿಗಾದ್ರೂ ಹೇಳ್ಬೇಕು ಅನ್ನಿಸ್ತು, ಹೇಳೋಕೆ ಮನೇಲಿ ಯಾರೂ ಎದ್ದಿರಲಿಲ್ಲ. ಸ್ಪರ್ಶಕ ಇಲ್ಲ ಅನ್ನೋ ಭಾಗ ಇನ್ನೂ ಕಷ್ಟ, ಅದರ ಮೇಲೆ ಕೂತಿದೀನಿ.

ರಾಮಾನುಜನ್ ಬಗ್ಗೆ ನನಗೆ ಭಕ್ತಿ ಇದೆ. ಆದ್ರೆ ಮಕ್ಕಳಿಗೆ ಬರೀ ಅವರ ಕಥೆ ಹೇಳಿದ್ರೆ ಗಣಿತ ಅಂದ್ರೆ ಹುಟ್ಟಿನಿಂದ ಬರಬೇಕು, ನಮಗಲ್ಲ ಅನ್ನೋ ಭಾವನೆ ಬರುತ್ತೆ. ನಮ್ಮ ಪಕ್ಕದ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್ ಅವರ ಕಥೆ ಎಷ್ಟು ಮಕ್ಕಳಿಗೆ ಗೊತ್ತು? ಗಣಿತದಲ್ಲಿ ಎಂಎ ಮಾಡಿ, ಕೆಲಸ ಹುಡುಕಿಕೊಂಡು ಕಲ್ಕತ್ತಾಗೆ ಹೋಗಿ, ಅಲ್ಲಿ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಅಂತ ಒಂದಿದೆ ಅಂತ ತಿಳಿದು ಸಂಖ್ಯಾಶಾಸ್ತ್ರಕ್ಕೆ ಬಂದವರು. 1945ರಲ್ಲಿ ಅವರು ಬರೆದ ಲೇಖನದ ಫಲಿತಾಂಶವನ್ನ ಇವತ್ತು ಪ್ರಪಂಚದ ಎಲ್ಲಾ ಸ್ಟಾಟಿಸ್ಟಿಕ್ಸ್ ಕ್ಲಾಸಲ್ಲೂ ಹೇಳಿಕೊಡ್ತಾರೆ, 2023ರಲ್ಲಿ ನೂರಾ ಎರಡನೇ ವಯಸ್ಸಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂತು, ಅದೇ ವರ್ಷ ಆಗಸ್ಟಲ್ಲಿ ತೀರಿಕೊಂಡ್ರು. ಕೆಲಸ ಸಿಗದ ಒಬ್ಬ ಯುವಕನಿಗೆ ಸರಿಯಾದ ಟೈಮಲ್ಲಿ ಸರಿಯಾದ ಬಾಗಿಲು ತೋರಿಸಿದ್ರೆ ಏನಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಅದಕ್ಕೆ ಎರಡು ಕೇಳಿಕೆ. ನಿಮ್ಮ ಪೇಪರ್‌ನಲ್ಲಿ ವಾರಕ್ಕೊಂದು ಸಣ್ಣ ಜಾಗ ಕೊಡಿ, ಅರ್ಧ ಕಾಲಂ ಸಾಕು, ಓದುಗರು ತಮ್ಮ ಗಣಿತ ಎಲ್ಲಿ ತನಕ ಬಂತು, ಎಲ್ಲಿ ನಿಂತಿತು, ಯಾಕೆ ನಿಂತಿತು ಅಂತ ಬರೀಲಿ. ಹೆಸರು ಬೇಡ ಅಂದವರ ಹೆಸರು ಹಾಕ್ಬೇಡಿ. ಹಮಾಲರು, ಟೈಲರ್, ಆಶಾ ಕಾರ್ಯಕರ್ತೆಯರು, ರಿಟೈರ್ಡ್ ಮೇಷ್ಟ್ರು ಎಲ್ಲರೂ ಬರೀಲಿ. ಬರೆಯೋಕೆ ಬಾರದವರನ್ನ ನಿಮ್ಮ ವರದಿಗಾರರು ಮಾತಾಡಿಸಲಿ. ಪ್ರತಿ ಪತ್ರದ ಕೆಳಗೆ ಒಬ್ಬ ಮೇಷ್ಟ್ರು ಆ ನಿಂತುಹೋದ ಪಾಠವನ್ನ ನಮ್ಮ ಭಾಷೆಯಲ್ಲಿ, ಗುಂಟೆ ಲೆಕ್ಕ ಸೈಟ್ ಲೆಕ್ಕ ಇಟ್ಕೊಂಡು ಹತ್ತು ಸಾಲಲ್ಲಿ ಬಿಡಿಸಿ ಹೇಳಲಿ.

ಎರಡನೇದು ನಮ್ಮ ಕಾಲೇಜುಗಳಿಗೆ, ವಿಶ್ವವಿದ್ಯಾಲಯಕ್ಕೆ. ಚಳ್ಳಕೆರೆ ಹತ್ರ ಕುದಾಪುರದ ಐಐಎಸ್‌ಸಿ ಕ್ಯಾಂಪಸಲ್ಲಿ ಮೇಷ್ಟ್ರುಗಳಿಗೆ ವಿಜ್ಞಾನ, ಗಣಿತದ ತರಬೇತಿ ಕೊಡ್ತಾರೆ, ತುಂಬಾ ಒಳ್ಳೇ ಕೆಲಸ. ಹಂಗೇ ಕೆಲಸಕ್ಕೆ ಹೋಗೋ ದೊಡ್ಡೋರಿಗೂ ಭಾನುವಾರ ಒಂದು ಕ್ಲಾಸ್ ಇಡಿ, ದಾವಣಗೆರೆಯಲ್ಲೊಂದು, ಚಿತ್ರದುರ್ಗದಲ್ಲೊಂದು. ಸರ್ಟಿಫಿಕೇಟ್ ಬೇಡ, ಪರೀಕ್ಷೆ ಬೇಡ, ಯಾವ ಕ್ಲಾಸಲ್ಲಿ ಬಿಟ್ಟಿದ್ವೋ ಅಲ್ಲಿಂದ ಶುರು ಮಾಡೋಕೆ ಒಂದು ಬೋರ್ಡು, ಒಬ್ಬ ಮೇಷ್ಟ್ರು ಸಾಕು. ಭಿನ್ನರಾಶಿ ಮತ್ತು ಬೀಜಗಣಿತ ಹೇಳಿಕೊಡೋಕೆ ನಾನೇ ಬರ್ತೀನಿ, ದುಡ್ಡು ಬೇಡ. ಪರೀಕ್ಷೆ ಸೀಸನ್ ಶುರು ಆದ್ರೆ ರೂಮು ಸಿಗಲ್ಲ, ಮೇಷ್ಟ್ರೂ ಸಿಗಲ್ಲ, ಹಂಗಾಗಿ ದಸರಾ ರಜೆ ಮುಗಿದ ಕೂಡಲೇ ಶುರು ಆದ್ರೆ ಒಳ್ಳೇದು. ನನ್ನ ಫೋನ್ ನಂಬರ್ ಪತ್ರದ ಜೊತೆ ಬೇರೆ ಚೀಟಿಯಲ್ಲಿ ಇಟ್ಟಿದೀನಿ, ಯಾವ ಕಾಲೇಜಿನೋರು ಕೇಳಿದ್ರೂ ಕೊಡಿ.

ಇಂತಿ,
ನಿಮ್ಮ ಒಬ್ಬ ಓದುಗಿ,
ನಿಟ್ಟುವಳ್ಳಿ, ದಾವಣಗೆರೆ